ಚೀಟಿಯಲ್ಲಿ ಇಲ್ಲದ ಬ್ಯಾರನ್

ನಮ್ಮ ಸೋದರಮಾವನ ಆಸ್ಪತ್ರೆ ಚೀಟಿಯಲ್ಲಿ ಇಂಗ್ಲಿಷಿನ ಎರಡು ಪದ ಇತ್ತು: ಪೂರ್ ಕಂಪ್ಲಯನ್ಸ್. ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅಂತ. ಅದರ ಕೆಳಗೆ ಡೋಸ್ ಜಾಸ್ತಿ ಮಾಡಿದ್ದರು. (ಮಾವನ್ನ ಕೇಳಿಯೇ ಇದನ್ನ ಬರೀತಿದ್ದೀನಿ.) ಬರೆದದ್ದು ಸುಳ್ಳೇನಲ್ಲ. ಆದರೆ ಯಾಕೆ ತಗೊಳ್ತಿಲ್ಲ ಅಂತ ಯಾರೂ ಕೇಳಿರಲಿಲ್ಲ.

ಮಾವನದು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಏರುಪೇರಾದರೆ ಬಣ್ಣ ಕೆಡುತ್ತೆ, ಹರಾಜಿನಲ್ಲಿ ರೇಟು ಬೀಳುತ್ತೆ. ಆ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತೆ. ಬ್ಯಾರನ್ ಉರಿಯೋ ರಾತ್ರಿ ಮಾವ ಮಾತ್ರೆ ಬಿಡ್ತಿದ್ದರು, ಅಷ್ಟೆ. ಮುಂದಿನ ಸಲ ಬೇರೆ ಡಾಕ್ಟರು. ಅವರಿಗೆ ಸಿಕ್ಕಿದ್ದು ಅದೇ ಎರಡು ಪದ.

‘ತಾಲ್ಲೂಕು ಆಸ್ಪತ್ರೆಯಲ್ಲಿ ನೋಟ್ಸ್ ಬರೆಯೋಕೆ ಟೈಮೆಲ್ಲಿದೆ ಸ್ವಾಮಿ?’ ಅನ್ನೋ ವಾದ ಕೇಳಿ ಕೇಳಿ ಸಾಕಾಗಿದೆ. ಬೆಂಗಳೂರಿನಲ್ಲಿ ನಿಮ್ಮ ಥೆರಪಿಸ್ಟ್ ಪ್ರತಿ ವಾರ ಅದೇ ಮುಖ. ಅವರು ಮರೆತರೆ ನೀವೇ ನೆನಪಿಸ್ತೀರಿ. ಡಾಕ್ಟರು ಬದಲಾಗೋ ಕಡೆಯೇ ಟಿಪ್ಪಣಿ ಹೆಚ್ಚು ಬೇಕಾಗೋದು. ಎಚ್.ಡಿ. ಕೋಟೆಯ ಹಾಡಿಯಿಂದ ಒಬ್ಬ ಜೇನುಕುರುಬರ ಹೆಂಗಸು ಬಂದರು ಅಂದುಕೊಳ್ಳಿ. ಅವರದು ಜೇನುನುಡಿ. ಗಂಡ ಅದನ್ನ ಕನ್ನಡಕ್ಕೆ ತಿರುಗಿಸ್ತಾನೆ, ಬರೆಯೋರು ಇಂಗ್ಲಿಷಿಗೆ. ಎರಡು ಸಲ ಸೋಸಿದ ಮೇಲೆ ಉಳಿಯೋದು ‘ನಿದ್ದೆ ಇಲ್ಲ’. ಇದು ಆಕೆ ಹೇಳಿದ್ದೋ, ಗಂಡ ಹೇಳಿದ್ದೋ ಅನ್ನೋದಾದರೂ ಚೀಟಿಯಲ್ಲಿ ಇರಬೇಡವೇ? ಬೈಲಕುಪ್ಪೆಯ ಟಿಬೆಟನ್ ಅಜ್ಜಿಗೂ ಇದೇ ಪಾಡು.

ಹಾಗಂತ ಎಲ್ಲ ಗೀಚಿಬಿಡೋದೂ ಅನ್ಯಾಯ. ಹುಣಸೂರು, ಕೆ.ಆರ್. ನಗರದಂಥ ಊರಲ್ಲಿ ರಿಜಿಸ್ಟರ್ ಮೇಜಿನ ಮೇಲೆ ತೆರೆದಿದ್ದರೆ ಹಿಂದೆ ನಿಂತೋರು ಓದ್ತಾರೆ, ಓದಿದವರು ನಿಮ್ಮ ಅತ್ತೆಮನೆ ಬೀದಿಯವರಾಗಿರ್ತಾರೆ. ಮದುವೆ ಮಾತುಕತೆ ಮುರಿಯೋಕೆ ಒಂದು ಸಾಲು ಸಾಕು. ಕ್ಯಾಂಪಿನ ರಿಜಿಸ್ಟರಿಗೆ ಕನಿಷ್ಠ ವಿವರ ಇದ್ದರೆ ಆಯ್ತು. ಆಸ್ಪತ್ರೆ ಫೈಲಿಗೆ ಮುಂದಿನ ಡಾಕ್ಟರಿಗೆ ಬೇಕಾದದ್ದು ಬೇಕು: ಸಾಯೋ ಯೋಚನೆ ಬರುತ್ತಾ ಅಂತ ಕೇಳಿದಾಗ ಏನಂದರು, ಹೊಲಕ್ಕೆ ಹೊಡೆಯೋ ಔಷಧಿ ಇಟ್ಟ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ. ಕೌನ್ಸೆಲಿಂಗಿನಲ್ಲಿ ಅತ್ತು ಹೇಳಿಕೊಂಡ ಹಳೇ ಕತೆಯ ಒಂದೊಂದು ವಿವರವೂ ಆ ಫೈಲಿಗೆ ಬೇಡ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತೆ, 25ನೇದು ತನ್ನ ದಾಖಲೆ ಪಡೆಯೋ ಹಕ್ಕು ಕೊಡುತ್ತೆ. ಪಡೆದು ಏನು ಮಾಡೋದು, ಓದೋಕೇ ಆಗದಿದ್ದರೆ? ನಮ್ಮ ಮಾವ ದಿನಾ ಕನ್ನಡ ಪೇಪರ್ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದ್ತಾರೆ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ಜಗಳ ಇಲ್ಲ. ರೋಗಿ ಹೇಳಿದ ಮಾತು ಮಾತ್ರ ಬಾಯಿಂದ ಬಂದ ಹಾಗೇ ಇರಲಿ. ‘ಎದೆ ಮೇಲೆ ಕಲ್ಲಿಟ್ಟಂಗಾಗುತ್ತೆ’ ಅಂದದ್ದನ್ನ ಆಂಗ್ಸೈಟಿ ಅಂತ ತಿದ್ದೋಕೆ ಏನವಸರ?

ಹೋದ ಸಲ ಮಾವನ ಜೊತೆ ನಾನೇ ಹೋದೆ. ಚೀಟಿಯ ಹಿಂದೆ ಕನ್ನಡದಲ್ಲಿ ಬರೆದೆ: ‘ಬ್ಯಾರನ್ ಟೈಮಲ್ಲಿ ರಾತ್ರಿಯೆಲ್ಲ ಎದ್ದಿರಬೇಕು, ಆಗ ಮಾತ್ರೆ ಬಿಡ್ತಾರೆ.’ ಹೊಸ ಡಾಕ್ಟರಮ್ಮ ಓದಿದರು. ಪೆನ್ನು ಕೆಳಗಿಟ್ಟು ಕೇಳಿದರು: ‘ಈ ವರ್ಷದ ಬ್ಯಾರನ್ ಯಾವಾಗ ಮುಗಿಯುತ್ತೆ ಯಜಮಾನರೇ?’