ಹೊಗೆ ನಿಂತ ಮೇಲಿನ ಕಾರಿಗೂ ಹೊಣೆಗಾರರು ಬೇಕು

ಕರ್ನಾಟಕದ ಮಾನ್ಯ ಸಾರಿಗೆ ಸಚಿವರಿಗೆ,



ಕಾರಿನ ಮಾಲಿನ್ಯ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸೈಲೆನ್ಸರ್ ಕಡೆಗೆ. ಎಮಿಷನ್ ಟೆಸ್ಟಿನ ಚೀಟಿ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಕಾರಿನ ಹೊರೆ ಶುರುವಾಗುವುದು ಅದಿರು ಅಗೆಯುವಲ್ಲಿ, ಮುಗಿಯುವುದು ಗುಜರಿಯಲ್ಲಿ. ಸಂಡೂರಿನ ಗುಡ್ಡ, ತೋರಣಗಲ್ಲಿನ ಉಕ್ಕು, ಬಿಡದಿಯ ಕಾರ್ಖಾನೆ, ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿ: ಅಷ್ಟೂ ಹಂತಗಳು ನಮ್ಮ ರಾಜ್ಯದಲ್ಲೇ ಇವೆ. ಯಾರೂ ಕೇಳದಿರುವುದು ಕೊನೆಯ ಹಂತವನ್ನು. ಅದಕ್ಕಾಗಿಯೇ ಈ ಪತ್ರ.

ಗುಜರಿಯವರು ಹಳೇ ಕಾರು ಬಿಚ್ಚುವುದನ್ನು ತಾವು ಒಮ್ಮೆ ನಿಂತು ನೋಡಬೇಕು. ಡೋರು, ಬಾನೆಟ್ಟು, ಹೆಡ್‌ಲೈಟು, ಗೇರ್‌ಬಾಕ್ಸು ಗೀರೂ ಬೀಳದಂತೆ ಹೊರಬರುತ್ತವೆ. ಆ ಡೋರು ಇನ್ನೊಂದು ಕಾರಿಗೆ ಕೂತರೆ ಹೊಸದನ್ನು ಮಾಡುವ ಲೋಹ, ವಿದ್ಯುತ್ತು ಎರಡೂ ಉಳಿದಂತೆ. ಆದರೆ ಇಂಜಿನ್ ಆಯಿಲ್ ನೆಲಕ್ಕೆ ಸೋರಿ ಮಣ್ಣು ಕಪ್ಪಾಗುತ್ತದೆ. ಏಸಿ ಪೈಪು ಕತ್ತರಿಸಿದಾಗ ಬುಸ್ಸೆಂದು ಹೊರಡುವ ಅನಿಲಕ್ಕೆ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಅದನ್ನೆಲ್ಲ ಮುಟ್ಟುವವನ ಕೈಗೆ ಗ್ಲೌಸ್ ಕೂಡ ಇರುವುದಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ವಾಹನ ಸ್ಕ್ರ್ಯಾಪ್ ಕೇಂದ್ರಗಳ ನಿಯಮ 2021ರಲ್ಲೇ ಬಂತು. ಮರುವರ್ಷ ರಾಜ್ಯವೂ ನೀತಿ ಮಾಡಿತು. 2025ರ ಏಪ್ರಿಲ್ 1ರಿಂದ ಹೊಣೆ ವಾಹನ ಕಂಪನಿಗಳ ಹೆಗಲಿಗೂ ಬಿದ್ದಿದೆ: ತಯಾರಕರು ಹಿಂದೆ ಮಾರಿದ ವಾಹನಗಳ ಉಕ್ಕಿನಲ್ಲಿ ಸದ್ಯ ಶೇ 8ರಷ್ಟು, 2035-36ರಿಂದ ಶೇ 18ರಷ್ಟು ಮರುಬಳಕೆಯಾಗುವಂತೆ ಅವರು ನೋಡಿಕೊಳ್ಳಬೇಕು. ಒಂದು ಟನ್ ಗುಜರಿ ಉಕ್ಕು ಕರಗಿಸಿದರೆ ಸುಮಾರು 1.4 ಟನ್ ಅದಿರು ಗುಡ್ಡದಲ್ಲೇ ಉಳಿಯುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಬೇಕಾಗಿ ಬಂದ ನಾಡಿಗೆ ಇದು ಸಣ್ಣ ಲೆಕ್ಕವಲ್ಲ.

ಈ ಕಾನೂನು ಗುಜರಿ ಅಂಗಡಿಗೂ ತಲುಪಲಿ ಎಂದು ಮೂರು ಕೋರಿಕೆಗಳು.

ಮೊದಲನೆಯದು ಜಾಗ. ವಿಜಯವಾಡದಲ್ಲಿ ಒನ್ ಟೌನ್‌ನ ಇಕ್ಕಟ್ಟಿನ ಪೇಟೆಯಿಂದ ದೂರದ ಜವಾಹರ್ ಆಟೋನಗರದಲ್ಲಿ ಮೆಕ್ಯಾನಿಕ್‌ಗಳು, ಲೇಥಿನವರು, ಬಾಡಿ ಕಟ್ಟುವವರು, ಬಿಡಿಭಾಗದ ವ್ಯಾಪಾರಿಗಳು ದಶಕಗಳಿಂದ ಒಂದೇ ಕಡೆ ದುಡಿಯುತ್ತಿದ್ದಾರೆ. ನಮ್ಮ ಗುಜರಿಯವರಿಗೂ ಅಂಥ ನೆಲೆ ಕೊಡಿ. ಆಯಿಲ್ ಇಳಿಸಲು ಕಾಂಕ್ರೀಟ್ ನೆಲ, ಏಸಿ ಅನಿಲ ಹಿಡಿಯುವ ಯಂತ್ರ, ಬ್ಯಾಟರಿ ಇಡುವ ಕೋಣೆ ಅಲ್ಲಿ ಎಲ್ಲರಿಗೂ ಸೇರಿ ಇರಲಿ. ಅವರನ್ನು ಎಬ್ಬಿಸಿ ಕಳಿಸುವುದು ಬೇಡ. ತರಬೇತಿ, ಲೈಸೆನ್ಸು ಕೊಟ್ಟು ಒಳಗೆ ಕರೆದುಕೊಳ್ಳಿ.

ಎರಡನೆಯದು ಹಣ. 15 ವರ್ಷ ದಾಟಿದ ವಾಹನಗಳಿಂದ ರಾಜ್ಯ ಹಸಿರು ತೆರಿಗೆ ವಸೂಲಿ ಮಾಡುತ್ತದೆ. ಅದನ್ನು ಈ ಕೆಲಸಕ್ಕೇ ಮೀಸಲಿಡಿ.

ಮೂರನೆಯದು ದಾಖಲೆ. ಹಳೇ ಕಾರನ್ನು ಗುಜರಿಗೆ ಕೊಟ್ಟ ಮಾಲೀಕ ಆರ್‌ಸಿ ರದ್ದು ಮಾಡಿಸಲು ಆರ್‌ಟಿಒ ಕಚೇರಿಗೆ ಅಲೆಯಬಾರದು. ಅರ್ಜಿ, ಕಾರು ಸ್ಕ್ರ್ಯಾಪಿಗೆ ಒಪ್ಪಿಸಿದ್ದಕ್ಕೆ ಸಿಗುವ ಠೇವಣಿ ಪ್ರಮಾಣಪತ್ರ, ಆರ್‌ಸಿ ರದ್ದತಿ ಎಲ್ಲವೂ ತಾಲ್ಲೂಕು ಮಟ್ಟದಲ್ಲೇ ಒಂದೇ ಕಿಟಕಿಯಲ್ಲಿ ಮುಗಿಯಲಿ. ನೇರ ದಾರಿ ಸುಲಭವಾದರೆ ಜನ ಅಡ್ಡದಾರಿ ಹಿಡಿಯುವುದಿಲ್ಲ.

ಕಾರು ಕೊಳ್ಳುವ ದಿನವೇ ಸರ್ಕಾರ ಅದರ ಆಜೀವ ತೆರಿಗೆ ಕಟ್ಟಿಸಿಕೊಳ್ಳುತ್ತದೆ. ಆ ಆಯುಷ್ಯ ಮುಗಿದ ದಿನದ ಹೊಣೆಯನ್ನೂ ಸರ್ಕಾರ ಹೊರಬೇಕು. ಬರುವ ಬಜೆಟ್ಟಿನಲ್ಲಿ ಇದಕ್ಕೊಂದು ಬಾಬತ್ತು ತೆರೆಯುವಂತೆ ತಾವು ಪಟ್ಟು ಹಿಡಿಯಬೇಕೆಂದು ವಿನಂತಿ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ