ಉದ್ಘಾಟಕರು ಬೇಡ, ಕುರ್ಚಿ ಜೋಡಿಸುವವರು ಬೇಕು

ಹೋದ ವಾರ ನಮಗೊಂದು ಆಫರ್ ಬಂತು. ನಮ್ಮ ಸೈನ್ಸ್ ಫಿಕ್ಷನ್ ಓದುಗರ ಬಳಗದ ವಾರ್ಷಿಕ ಕೂಟಕ್ಕೆ ಹುಣಸೂರಿನಲ್ಲಿ ಕಲ್ಯಾಣ ಮಂಟಪ ಬಿಟ್ಟಿ, ಶಾಮಿಯಾನ ಬಿಟ್ಟಿ, ಐನೂರು ಜನಕ್ಕೆ ಊಟ ಬಿಟ್ಟಿ. "ನೀವೇನೂ ತಲೆ ಕೆಡಿಸ್ಕೋಬೇಡಿ. ಉದ್ಘಾಟನೆ ಒಂದು ನಮ್ ಸಾಹೇಬ್ರ ಕೈಲಿ ಮಾಡಿಸ್ಬಿಡಿ, ಬ್ಯಾನರ್ ನಾವೇ ಹಾಕಿಸ್ತೀವಿ" ಅಂದರು ಬಂದವರು. ಯಾವ ಸಾಹೇಬರು ಎನ್ನುವುದು ಇಲ್ಲಿ ಮುಖ್ಯವಲ್ಲ. ಈ ಸಾಹೇಬರು ಅಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ.

ನಾವೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಈ ನಾಲ್ಕು ತಾಲ್ಲೂಕುಗಳಿಂದ ಹೋಗಿ ಪತ್ರಿಕೋದ್ಯಮ ಓದಿ ಬಂದ ಕೆಲವರು. ನಮ್ಮ ಜೊತೆ ಸೇರಿಕೊಂಡ ಮೇಷ್ಟ್ರುಗಳಿದ್ದಾರೆ, ಮೊಬೈಲ್ ರಿಪೇರಿ ಮಾಡುವ ಹುಡುಗರಿದ್ದಾರೆ, ಪಿಯುಸಿ ಹುಡುಗಿಯರಿದ್ದಾರೆ, ಹೊಗೆಸೊಪ್ಪು ಬೆಳೆಯುವ ಇಬ್ಬರು ರೈತರಿದ್ದಾರೆ. ತಿಂಗಳಿಗೊಮ್ಮೆ ಕೂತು ಒಂದು ಕತೆಯನ್ನು ಗಟ್ಟಿಯಾಗಿ ಓದುತ್ತೇವೆ, ಆಮೇಲೆ ಜಗಳ ಆಡುತ್ತೇವೆ. ಹೋದ ವರ್ಷ ಒಂದು ಭಾನುವಾರ ಇಡೀ ದಿನ ಒಂದು ಶಾಲೆಯ ಕೋಣೆಯಲ್ಲಿ ಸೇರಿದ್ದೆವು. ಅದೇ ನಮ್ಮ ಮೊದಲ ವಾರ್ಷಿಕ ಕೂಟ.

ಆಫರ್ ಬಂದ ಮೇಲೆ ನಮ್ಮಲ್ಲಿ ಅರ್ಧ ಜನ ಒಪ್ಪಿಕೊಳ್ಳೋಣ ಅಂದರು, ಅರ್ಧ ಜನ ಬೇಡ ಅಂದರು. ಬೇಡ ಅಂದವರು ಸೇರಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಪ್ಪಿಕೊಳ್ಳೋಣ ಅನ್ನುವವರ ಮಾತು ಕೇಳೋಣ. "ದೊಡ್ಡವರು ಬಂದರೆ ಪೇಪರಿನಲ್ಲಿ ಸುದ್ದಿ ಬರುತ್ತದೆ." ಬರುತ್ತದೆ, ನಿಜ. ಆ ಸುದ್ದಿಯನ್ನು ಬರೆದವರೇ ನಾವು. ದೀಪ ಬೆಳಗುವ ಫೋಟೊ. ವಿಜ್ಞಾನ ಸಮಾಜದ ಅಭಿವೃದ್ಧಿಗೆ ಸಹಕಾರಿ ಎಂದು ಇಂಥವರು ಅಭಿಪ್ರಾಯಪಟ್ಟರು ಎಂಬ ಮೊದಲ ಸಾಲು. ಕೊನೆಗೆ 'ಈ ಸಂದರ್ಭದಲ್ಲಿ' ಎಂದು ಶುರುವಾಗಿ 'ಇತರರು ಹಾಜರಿದ್ದರು' ಎಂದು ಮುಗಿಯುವ ಹೆಸರುಗಳ ಸಾಲು. ಅವತ್ತು ಯಾವ ಕತೆ ಓದಿದರು, ಯಾರು ಏನು ಕೇಳಿದರು ಎಂಬುದಕ್ಕೆ ಆ ಸುದ್ದಿಯಲ್ಲಿ ಜಾಗ ಇರುವುದಿಲ್ಲ. ಹತ್ತು ಗಂಟೆಯ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಗುತ್ತದೆ, ಸ್ವಾಗತ, ಪೇಟ, ಶಾಲು, ಹಾರ, ಫಲತಾಂಬೂಲ ಮುಗಿಯುವಾಗ ಎರಡು ಗಂಟೆ. ಸಾಹೇಬರು ಎದ್ದು ಹೋದ ತಕ್ಷಣ ಅರ್ಧ ಮಂಟಪ ಖಾಲಿ. ಕತೆ ಬರೆದು ತಂದ ಹುಡುಗಿ ಊಟ ಆದ ಮೇಲೆ, ನಿದ್ದೆ ತೂಗುವ ಹೊತ್ತಿನಲ್ಲಿ ಐದು ನಿಮಿಷ ಓದಬೇಕು.

ಈ ಬಗೆಯ ಕೂಟ ಹುಟ್ಟಿದ್ದು ಹೀಗಲ್ಲ. 1937ರ ಜನವರಿ 3ರಂದು ಇಂಗ್ಲೆಂಡಿನ ಲೀಡ್ಸ್ ಊರಿನ ಥಿಯಸಾಫಿಕಲ್ ಹಾಲ್‌ನಲ್ಲಿ ಸೈನ್ಸ್ ಫಿಕ್ಷನ್ ಓದುಗರು ಸೇರಿದ್ದರು. ಮೊದಲೇ ಗೊತ್ತುಮಾಡಿ ನಡೆಸಿದ ಇಂಥ ಕೂಟಗಳಲ್ಲಿ ಅದೇ ಮೊದಲನೆಯದು ಎಂದು ಹಲವರು ಲೆಕ್ಕ ಹಿಡಿಯುತ್ತಾರೆ. ಬಂದವರು ಇಪ್ಪತ್ತರ ಆಸುಪಾಸು. ಅವರಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ, ಆರ್ಥರ್ ಸಿ. ಕ್ಲಾರ್ಕ್. ಸಾಮರ್‌ಸೆಟ್ ಎಂಬ ಹಳ್ಳಿಗಾಡಿನಲ್ಲಿ ಹೊಲಮನೆ ಮಾಡಿಕೊಂಡಿದ್ದ ಕುಟುಂಬದವನು. ಅಪ್ಪ ಬೇಗ ತೀರಿಕೊಂಡ ಮೇಲೆ ಬೇಸಾಯ ನೋಡಿಕೊಂಡು ಮಕ್ಕಳನ್ನು ಸಾಕಿದವರು ಅವ್ವ. ಅವನು ಹುಡುಗನಾಗಿದ್ದಾಗ ಓದಿದ್ದು ಅಮೆರಿಕದಿಂದ ಬರುತ್ತಿದ್ದ ಅಗ್ಗದ ಕತೆ ಪತ್ರಿಕೆಗಳನ್ನು. ಎಂಟು ವರ್ಷ ಕಳೆದು, 1945ರಲ್ಲಿ, ಭೂಮಿಯ ಜೊತೆಜೊತೆಗೇ ಸುತ್ತುತ್ತ ಆಕಾಶದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಂದ ಇಡೀ ಜಗತ್ತಿಗೆ ರೇಡಿಯೊ ಸಂಪರ್ಕ ಕೊಡಬಹುದು ಎಂದು ಅದೇ ಕ್ಲಾರ್ಕ್ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಇವತ್ತು ಕೆ.ಆರ್.ನಗರದಲ್ಲಿ ರೈಲು ಹತ್ತಿ ಹೊಳೆನರಸೀಪುರ ದಾಟಿದರೆ ಹಾಸನ. ಅಂಥ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಕೇಂದ್ರ ಇರುವುದು ಅಲ್ಲೇ.

ಹಳ್ಳಿ ಹುಡುಗರಿಗೆ ಸೈನ್ಸ್ ಫಿಕ್ಷನ್ ಯಾಕೆ ಎಂದು ಕೇಳುವವರಿಗೆ ಈ ಕತೆ ಹೇಳುತ್ತೇವೆ. ಲೀಡ್ಸ್‌ನಲ್ಲಿ ಆ ಹುಡುಗನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಸಾಹೇಬರಿಗೆ ಚಪ್ಪಾಳೆ ತಟ್ಟಿಸಿರಲಿಲ್ಲ.

1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ವರ್ಲ್ಡ್‌ಕಾನ್, ಯುದ್ಧದ ನಾಲ್ಕು ವರ್ಷ ಬಿಟ್ಟರೆ, ಇಂದಿಗೂ ನಡೆಯುತ್ತಿದೆ. ಅದನ್ನು ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ಅಲ್ಲಿ ಟಿಕೆಟ್ ಎನ್ನುವ ಮಾತಿಲ್ಲ, ಸದಸ್ಯತ್ವ ಎನ್ನುತ್ತಾರೆ. ಓದುಗರೂ ಸದಸ್ಯರು, ಕುರ್ಚಿ ಜೋಡಿಸುವವರೂ ಸದಸ್ಯರು, ಗೋಷ್ಠಿಯಲ್ಲಿ ಮಾತಾಡುವ ಲೇಖಕರೂ ದುಡ್ಡು ಕೊಟ್ಟು ಸೇರಿದ ಸದಸ್ಯರು. ವಿಶೇಷ ಅತಿಥಿಗಳಂಥ ಕೆಲವರಿಗಷ್ಟೇ ವಿನಾಯಿತಿ. ಮುಂದಿನ ಕೂಟ ಯಾವ ಊರಿನಲ್ಲಿ, ಹ್ಯೂಗೊ ಪ್ರಶಸ್ತಿ ಯಾರಿಗೆ ಎನ್ನುವುದನ್ನು ಸದಸ್ಯರ ಓಟು ತೀರ್ಮಾನಿಸುತ್ತದೆ.

ಇದನ್ನು ಹೇಳುತ್ತಿರುವುದು ಅವರೆಲ್ಲ ದೇವರಂಥವರು ಎನ್ನುವುದಕ್ಕಲ್ಲ. ಅವರು ಎಡವಿದ ಜಾಗಗಳೂ ನಮಗೆ ಪಾಠ. 2021ರ ವಾಷಿಂಗ್ಟನ್ ಕೂಟದಲ್ಲಿ ಹ್ಯೂಗೊ ಸಮಾರಂಭದ ಪ್ರಾಯೋಜಕರಲ್ಲಿ ಕ್ಷಿಪಣಿ ತಯಾರಿಸುವ ರೇಥಿಯಾನ್ ಕಂಪನಿಯೂ ಇತ್ತು. ಸದಸ್ಯರು ಸಿಟ್ಟಿಗೆದ್ದರು, ಅಧ್ಯಕ್ಷರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಅದಕ್ಕಿಂತ ಕೆಟ್ಟದ್ದಾಯಿತು. ಆರ್.ಎಫ್. ಕ್ವಾಂಗ್ ಅವರ 'ಬೇಬೆಲ್' ಸೇರಿದಂತೆ ಕೆಲವು ಹೆಸರುಗಳನ್ನು ಕಾರಣ ಕೊಡದೆ 'ಅನರ್ಹ' ಎಂದು ಬದಿಗಿಟ್ಟಿದ್ದು ಮತ ಎಣಿಕೆಯ ವಿವರ ಹೊರಬಂದಾಗ ಗೊತ್ತಾಯಿತು. ಆಮೇಲೆ ಸೋರಿಕೆಯಾದ ಇಮೇಲ್‌ಗಳಲ್ಲಿ, ಯಾವ ಲೇಖಕರು ಚೀನಾದ ಬಗ್ಗೆ ಏನು ಬರೆದಿದ್ದಾರೆ ಎಂದು ಪ್ರಶಸ್ತಿ ನೋಡಿಕೊಳ್ಳುವವರೇ ಹುಡುಕಿ ಪಟ್ಟಿ ಮಾಡಿದ್ದು ಕಂಡಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ನಾವು ಈ ಕತೆಯನ್ನು ಹುಣಸೂರಿಗೆ ತಂದು ನೋಡುತ್ತೇವೆ. ನಮ್ಮಲ್ಲಿ ಯಾರೋ ಒಬ್ಬರು ಹೊಗೆಸೊಪ್ಪು ಇಲ್ಲದ ಪಿರಿಯಾಪಟ್ಟಣದ ಮೇಲೆ ಕತೆ ಬರೆಯುತ್ತಾರೆ ಎಂದುಕೊಳ್ಳಿ. ಕಬಿನಿ ಅಣೆಕಟ್ಟಿಗೆ ಊರು ಬಿಟ್ಟವರ ಮೊಮ್ಮಗಳು ನೀರಿನಡಿಯ ಊರಿನಿಂದ ರೇಡಿಯೊ ಕೇಳಿಸುತ್ತದೆ ಎಂದು ಬರೆಯುತ್ತಾಳೆ ಎಂದುಕೊಳ್ಳಿ. ಕಾಡಿನಿಂದ ಹೊರಬಂದ ಜೇನುಕುರುಬರ ಹುಡುಗ ಹುಲಿಯ ಫೋಟೊ ತೆಗೆಯುವ ಕ್ಯಾಮೆರಾ ತನ್ನ ಅಜ್ಜನ ಫೋಟೊ ತೆಗೆದ ಕತೆ ಬರೆಯುತ್ತಾನೆ ಎಂದುಕೊಳ್ಳಿ. ಬ್ಯಾನರಿನಲ್ಲಿ ಕಂಪನಿಯ ಹೆಸರೋ ಪಕ್ಷದ ಚಿಹ್ನೆಯೋ ಇದ್ದಾಗ ಈ ಕತೆಗಳನ್ನು ಓದಿಸುತ್ತೇವೆಯೆ? ಯಾರೂ ಬೇಡ ಅನ್ನುವುದಿಲ್ಲ. ನಾವೇ "ಈ ಸಲ ಬೇಡ ಕಣಮ್ಮ, ಮುಂದಿನ ಸಲ ಓದುವಂತೆ" ಎನ್ನುತ್ತೇವೆ. ನಮಗೆ ಭಯ ಇರುವುದು ಸಾಹೇಬರ ಮೇಲಲ್ಲ, ನಮ್ಮ ಮೇಲೆಯೇ.

"ದುಡ್ಡಿಲ್ಲದೆ ಹೆಂಗ್ರಪ್ಪ?" ಎಂಬುದು ಎರಡನೇ ಮಾತು. ನಮ್ಮ ಕಡೆಯ ಊರೂರಿನಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಅದು ಹೇಗೆ ನಡೆಯುತ್ತದೆ? ಪಾತ್ರ ಮಾಡುವವನು ದುಡ್ಡು ಕೊಡುತ್ತಾನೆ. ದುರ್ಯೋಧನನಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ಡ್ರಾಮಾ ಮೇಷ್ಟ್ರು, ಸೀನರಿ, ಮೈಕ್‌ಸೆಟ್ ಎಲ್ಲದಕ್ಕೂ ಆ ದುಡ್ಡೇ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ತಿಂಗಳುಗಟ್ಟಲೆ ಕಂದಪದ್ಯ ಬಾಯಿಪಾಠ ಮಾಡಿ ಬೆಳಗಿನ ಜಾವದವರೆಗೆ ಆಡುತ್ತಾರೆ. ಇಂಥ ಊರುಗಳಲ್ಲಿ ಹುಟ್ಟಿದ ನಾವು ಒಂದು ದಿನದ ಕೂಟ ನಡೆಸಲು ಬರುವುದಿಲ್ಲ ಅಂದರೆ ನಾಚಿಕೆಯ ಮಾತು.

ಲೆಕ್ಕ ಇಲ್ಲಿದೆ. 120 ಜನ ಎಂದು ಇಟ್ಟುಕೊಳ್ಳಿ. ದುಡಿಯುವ 60 ಜನ ತಲಾ 250 ರೂಪಾಯಿ, ಓದುವವರು ಮತ್ತು ಕೂಲಿಯವರು 60 ಜನ ತಲಾ 50 ರೂಪಾಯಿ. ಒಟ್ಟು 18,000. ಊಟ ತಲಾ 80ರಂತೆ 9,600. ಎರಡು ಹೊತ್ತಿನ ಟೀ, ತಿಂಡಿ 25ರಂತೆ 3,000. ಮೈಕ್ 2,500. ಕತೆಗಳ ಜೆರಾಕ್ಸ್ 2,000. ಆಯಿತು 17,100. ಉಳಿದ 900 ದೂರದಿಂದ ಬರುವ ಹುಡುಗರ ಬಸ್ ಚಾರ್ಜಿಗೆ. ಜಾಗಕ್ಕೆ ಅನುಮತಿ ಕೇಳಿ ಭಾನುವಾರ ಒಂದು ಶಾಲೆ, ಕಸ ಗುಡಿಸಿ ಕೊಟ್ಟು ಬರುವುದು ನಮ್ಮ ಕೆಲಸ. ಮೂರು ಪೇಟಕ್ಕೆ, ಆರು ಶಾಲಿಗೆ, ಮೊಮೆಂಟೊಗಳಿಗೆ ಈ ಲೆಕ್ಕದಲ್ಲಿ ಜಾಗ ಇಲ್ಲ. ಖರ್ಚಿನ ಚೀಟಿಯನ್ನು ಅವತ್ತೇ ಸಂಜೆ ಗೋಡೆಗೆ ಅಂಟಿಸಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಹೋದ ವರ್ಷ ಲೆಕ್ಕ ಅಂಟಿಸಲಿಲ್ಲ, ಯಾರೂ ತಿಂದಿರಲಿಲ್ಲ, ಆದರೂ ಮಾತು ಬಂತು. ಫೋನು, ಊಟ, ಜೆರಾಕ್ಸ್, ಮೈಕ್ ಎಲ್ಲವನ್ನೂ ನಮ್ಮಲ್ಲಿ ಒಬ್ಬಳೇ ಹೊತ್ತಳು, ಕೂಟದ ದಿನ ಅವಳು ಒಂದು ಕತೆಯನ್ನೂ ಕೂತು ಕೇಳಲಿಲ್ಲ. ಕತೆ ಓದುವ ಸರದಿಯನ್ನು ಸಂಜೆ ನಾಲ್ಕೂವರೆಗೆ ಇಟ್ಟಿದ್ದೆವು. ಎಚ್.ಡಿ.ಕೋಟೆ ಕಡೆಯ ಹುಡುಗಿಯರು ಊರಿನ ಕೊನೇ ಬಸ್ಸು ತಪ್ಪುತ್ತದೆಂದು ನಾಲ್ಕಕ್ಕೇ ಎದ್ದರು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಚಿಂತೆ ಹೋಗಿದೆ, ಬಸ್ಸಿನ ಟೈಮಿನ ಚಿಂತೆ ಹೋಗಿಲ್ಲ. ಇದೆಲ್ಲ ಯಾವ ಸಾಹೇಬರೂ ಮಾಡಿದ್ದಲ್ಲ. 1939ರ ನ್ಯೂಯಾರ್ಕಿನಲ್ಲೂ ಫ್ರೆಡರಿಕ್ ಪೋಲ್ ಸೇರಿದಂತೆ ಆರು ಮಂದಿಯನ್ನು ಅಭಿಮಾನಿಗಳೇ ಬಾಗಿಲಲ್ಲಿ ತಡೆದಿದ್ದರು. ಸಂಬಳ ತೆಗೆದುಕೊಳ್ಳದ ಮಾತ್ರಕ್ಕೆ ಯಾರೂ ನ್ಯಾಯವಂತರಾಗುವುದಿಲ್ಲ.

ಹಾಗಾಗಿ ನಾವು ಕೇಳುವುದು ಇಷ್ಟು. ಕತೆಗಳು ಬೆಳಿಗ್ಗೆ ಹತ್ತಕ್ಕೇ ಶುರುವಾಗಲಿ, ದೂರದಿಂದ ಬಂದವರು ಮೊದಲು ಓದಲಿ. ಮೂರೂವರೆಗೆ ಮುಗಿಯಲಿ. ಕೆಲಸವನ್ನು ಎಂಟು ಜನಕ್ಕೆ ಹಂಚಿ, ಒಬ್ಬರು ಎರಡು ವರ್ಷಕ್ಕಿಂತ ಹೆಚ್ಚು ಅದೇ ಕೆಲಸ ಹಿಡಿದುಕೊಳ್ಳದಿರಲಿ. ಕೂಟ ವರ್ಷಕ್ಕೊಂದು ತಾಲ್ಲೂಕಿನಲ್ಲಿ ನಡೆಯಲಿ. ವೇದಿಕೆ ಬೇಡ, ಸುತ್ತ ಕೂರೋಣ. ಶಾಸಕರೋ ವಿಜ್ಞಾನಿಯೋ ಬರಬೇಕೆಂದರೆ ಬರಲಿ, 250 ರೂಪಾಯಿ ಕೊಟ್ಟು ಸದಸ್ಯರಾಗಿ ಬರಲಿ.

ಕತೆ ಸ್ಪರ್ಧೆಯಲ್ಲಿ ಬರೆದವರ ಹೆಸರು ತೆಗೆದು ತೀರ್ಪುಗಾರರಿಗೆ ಕೊಡೋಣ. ಪಕ್ಕದ ಮರಾಠಿಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕಪ್ಪುಕುಳಿಯ ಮೇಲೆ ಒಂದು ಕತೆ ಬಂತು, ಅದಕ್ಕೇ ಬಹುಮಾನ ಸಿಕ್ಕಿತು. ಬರೆದವರು ಆಗಲೇ ಜಗತ್ತಿಗೆಲ್ಲ ಗೊತ್ತಿದ್ದ ಖಗೋಳ ವಿಜ್ಞಾನಿ ಜಯಂತ ನಾರಳೀಕರ್. ತಮ್ಮ ಹೆಸರು ನೋಡಿ ತೀರ್ಪು ಕೊಡಬಾರದೆಂದು ಬೇರೆ ಹೆಸರಿನಲ್ಲಿ, ಕೈಬರಹ ಗುರುತು ಸಿಗದಂತೆ ಹೆಂಡತಿಯ ಕೈಲಿ ಬರೆಸಿ ಕಳಿಸಿದ್ದರು. ಅಷ್ಟು ದೊಡ್ಡವರೇ ಹೆಸರು ಬಚ್ಚಿಟ್ಟು ಸರದಿಯಲ್ಲಿ ನಿಂತರು. ನಮ್ಮಲ್ಲಿ ಸ್ಪರ್ಧೆಗೆ ಕತೆ ಬರುವ ಮೊದಲೇ ಬಹುಮಾನ ಕೊಡುವವರ ಫೋಟೊ ಪ್ರಿಂಟಾಗಿರುತ್ತದೆ.

ಕೊನೆಯದಾಗಿ ತಾರೀಕಿನ ವಿಷಯ. ಸಾಹೇಬರ ಕಡೆಯವರು ಆಗಸ್ಟ್ ಅಂದಿದ್ದಾರೆ. ಆಗಸ್ಟ್‌ನಲ್ಲಿ ಹುಣಸೂರು, ಪಿರಿಯಾಪಟ್ಟಣದ ಮನೆಮನೆಯಲ್ಲಿ ಬ್ಯಾರನ್ ಉರಿಯುತ್ತಿರುತ್ತದೆ. ಸೊಪ್ಪು ಹದ ಆಗುವವರೆಗೆ ರಾತ್ರಿಯೆಲ್ಲ ಎದ್ದು ಉಷ್ಣಾಂಶ ನೋಡುವವರು ಕೂಟಕ್ಕೆ ಹೇಗೆ ಬಂದಾರು? ನಾವು ಹೇಳುವುದು ಫೆಬ್ರವರಿಯ ಒಂದು ಭಾನುವಾರ. ಆಗ ಚುಂಚನಕಟ್ಟೆ ಜಾತ್ರೆ ಮುಗಿದಿರುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಇನ್ನೂ ಬಂದಿರುವುದಿಲ್ಲ, ಹೊಸ ಸಸಿಮಡಿಗೂ ಹೊತ್ತಿರುತ್ತದೆ. ಯಾರಿಗೆ ಯಾವಾಗ ಬಿಡುವು ಎಂದು ಗೊತ್ತಿಲ್ಲದವರು ಯಾರ ಕೂಟ ನಡೆಸುತ್ತಾರೆ?

ಬರುವ ಭಾನುವಾರ ತಿಂಗಳ ಓದಿಗೆ ಸೇರಿದಾಗ ಇದು ಓಟಿಗೆ ಬರುತ್ತದೆ. ಒಪ್ಪಿಕೊಳ್ಳೋಣ ಎನ್ನುವ ಗೆಳೆಯರು ನಮ್ಮ ವೈರಿಗಳಲ್ಲ, ಅವರೂ ಕೂಟ ದೊಡ್ಡದಾಗಲಿ ಎಂದೇ ಹೇಳುತ್ತಿದ್ದಾರೆ. ಬಂದು ಜಗಳ ಆಡಿ. ನಾವು ಸೋತರೆ ಅವತ್ತು ಕಲ್ಯಾಣ ಮಂಟಪಕ್ಕೆ ಬಂದು ಕುರ್ಚಿ ಜೋಡಿಸುತ್ತೇವೆ, ಆದರೆ ಉದ್ಘಾಟನೆ ಮುಗಿಯುವವರೆಗೆ ಹೊರಗಡೆ ಮರದ ಕೆಳಗೆ ಕೂತು ಕತೆ ಓದುತ್ತಿರುತ್ತೇವೆ. ಗೆದ್ದರೆ, ಬರುವಾಗ ಐವತ್ತೋ ಇನ್ನೂರೈವತ್ತೋ ಜೊತೆಗೆ ತನ್ನಿ, ರಸೀದಿ ಅಲ್ಲೇ ಕೊಡುತ್ತೇವೆ.