ಮಣ್ಣು ಮುಟ್ಟೋಕೆ 14,500 ರೂಪಾಯಿ

ಕಳೆದ ತಿಂಗಳು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಎರಡು ರಾತ್ರಿ ಇದ್ದು ಬಂದೆ. ಕೊಟ್ಟಿದ್ದು 14,500 ರೂಪಾಯಿ. ಊಟ, ಕೋಣೆ, ಬೆಳಿಗ್ಗೆ ಯೋಗ. ಉಳಿದ ಹೊತ್ತೆಲ್ಲ ತಿಗರಿ ಮುಂದೆ ಕೂತು ಮಡಕೆ ಮಾಡೋದು. ಇನ್‌ಸ್ಟಾಗ್ರಾಮ್‌ನಲ್ಲಿ ಇದಕ್ಕೆ ‘ಕ್ರಿಯೇಟಿವ್ ರಿಟ್ರೀಟ್’ ಅಂತ ಹೆಸರು. ಫೋನಲ್ಲಿ ವಿಷಯ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಮಡಕೆ ಮಾಡೋಕೆ ನೀನೇ ದುಡ್ಡು ಕೊಟ್ಯಾ? ಅವ್ರು ಕೊಡ್ಲಿಲ್ವಾ?”

ನಗು ಬಂತು. ಆದರೆ ಆ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ.

ನಮ್ಮ ವಯಸ್ಸಿನವರ ವೀಕೆಂಡ್ ಬದಲಾಗ್ತಿರೋದನ್ನ ನೀವೂ ಗಮನಿಸಿರ್ತೀರಿ. ಗೋಕರ್ಣದ ಬೀಚಿಗೆ ಹೋಗಿ ಬಿದ್ದುಕೊಳ್ಳೋ ಕಾಲ ಹಳೆಯದಾಯ್ತು. ಈಗ ಕೊಡಗಿನಲ್ಲಿ ಕಥೆ ಬರೆಯೋ ಶಿಬಿರ, ಚಿಕ್ಕಮಗಳೂರಲ್ಲಿ ಜಲವರ್ಣ, ಸಕಲೇಶಪುರದಲ್ಲಿ ಮಡಕೆ. ಲೆಕ್ಕಾಚಾರ ಸರಳ. ಬಾಲಿಗೆ ಹೋಗೋಕೆ ಪಾಸ್‌ಪೋರ್ಟು, ರಜೆ, ದೊಡ್ಡ ದುಡ್ಡು ಎಲ್ಲಾ ಬೇಕು. ಇದಕ್ಕೆ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ ಸಾಕು, ಸೋಮವಾರದ ಮೀಟಿಂಗಿಗೆ ವಾಪಸ್. ಸರ್ಕಾರವೂ ಸ್ವಲ್ಪ ಕೈ ಜೋಡಿಸಿದೆ: ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗಳ ಮೇಲೆ ಶೇ. 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಕೈಗೆಟುಕುವ ಐಷಾರಾಮ ಅನ್ನೋದು ಹೀಗೆ ತಯಾರಾಗುತ್ತೆ.

ಇದನ್ನ ಗೇಲಿ ಮಾಡೋದು ಸುಲಭ. ನಾನು ಮಾಡಲ್ಲ, ಯಾಕಂದ್ರೆ ನನಗೆ ಇಷ್ಟ ಆಯ್ತು. ಮೊದಲ ಮೂರು ಮಡಕೆ ಸೊಟ್ಟಗಾಗಿ ಕುಸಿದವು. ನಾಲ್ಕನೆಯದು ಬಟ್ಟಲಿನ ಹಾಗೆ ಎದ್ದು ನಿಂತಿತು. ಅವತ್ತು ಬೆಳಿಗ್ಗೆ ನಾಲ್ಕು ಗಂಟೆ ಕಾಲ ಫೋನ್ ಮುಟ್ಟಿರಲಿಲ್ಲ. ಮುಟ್ಟೋಕೆ ಆಗ್ತಾನೂ ಇರಲಿಲ್ಲ, ಕೈ ತುಂಬ ಮಣ್ಣು. ಇಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಮೂರು ವರ್ಷ ಒಂದು ಕಂಪನಿಯಲ್ಲಿ ಕೋಡ್ ಬರೆದಿದ್ದೇನೆ. ಆ ಕೋಡ್ ಎಲ್ಲಿ ಹೋಯ್ತು, ಯಾರಿಗೆ ಉಪಯೋಗ ಆಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಆ ಸೊಟ್ಟ ಬಟ್ಟಲು ಮಾತ್ರ ಕಣ್ಣೆದುರಿಗೆ ಇತ್ತು.

ಹಾಗಾದರೆ ನಾನು ಕೊಂಡಿದ್ದು ಏನು? ಮಣ್ಣಲ್ಲ, ಕಲೆಯೂ ಅಲ್ಲ. ಹೊತ್ತು. ಯಾರೂ ಕರೆ ಮಾಡದ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಹೊತ್ತು. ಈ ಹೊತ್ತು ನಮ್ಮ ಕೈಯಿಂದ ಹೇಗೆ ಜಾರಿತು ಅನ್ನೋದು ಗುಟ್ಟೇನಲ್ಲ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ಬಾಯಲ್ಲಿ ಅದು 90 ಆಯ್ತು. ನಡುವೆ 2024ರ ಜುಲೈನಲ್ಲಿ ನಮ್ಮದೇ ರಾಜ್ಯದಲ್ಲಿ ಐಟಿ ನೌಕರರ ಕೆಲಸದ ದಿನವನ್ನ ಓವರ್‌ಟೈಮ್ ಸೇರಿಸಿ 14 ಗಂಟೆಗೆ ಎಳೆಯೋ ಪ್ರಸ್ತಾಪ ಬಂತು. ನೌಕರರ ಸಂಘ ಬೀದಿಗಿಳಿಯಬೇಕಾಯ್ತು. ಐದು ದಿನ ನಮ್ಮಿಂದ ಕಿತ್ತುಕೊಂಡ ಹೊತ್ತನ್ನೇ ಶನಿವಾರ ಚೆಂದಗೆ ಪ್ಯಾಕ್ ಮಾಡಿ ನಮಗೇ ಮಾರಲಾಗ್ತಿದೆ. ನಾವೂ ಆಫರ್ ಇದೆ ಅಂತ ಕೊಳ್ತಿದ್ದೇವೆ.

ಇದಕ್ಕೆ ಇನ್ನೊಂದು ದಾರಿ ಇರಲೇ ಇಲ್ಲ ಅನ್ನೋದು ಸುಳ್ಳು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಿಂದ ಸಂಸ್ಕೃತಿ ಶಿಬಿರ ನಡೆಸಿಕೊಂಡು ಬಂದಿದೆ. ಓದುವ ವರ್ಷಗಳಲ್ಲಿ ಒಮ್ಮೆ ನಾನೂ ಹೋಗಿದ್ದೆ. ಹಗಲು ಚರ್ಚೆ, ಸಂಜೆ ನಾಟಕ, ನಡುವೆ ಸಾಲಿನಲ್ಲಿ ನಿಂತು ಊಟ. ಖರ್ಚು ನನ್ನ ಪಾಕೆಟ್ ಮನಿಯಲ್ಲೇ ಮುಗಿದಿತ್ತು. ಪಕ್ಕದಲ್ಲಿ ಒಬ್ಬರು ಶಾಲಾ ಮೇಷ್ಟ್ರು, ಈಚೆ ಅಡಿಕೆ ಬೆಳೆಗಾರರು. ಸಕಲೇಶಪುರದಲ್ಲಿ ನಾವು ಒಂಬತ್ತು ಜನ ಇದ್ದೆವು, ಆರು ಮಂದಿ ಐಟಿಯವರು. ಎಲ್ಲರ ಸಂಬಳವೂ ಹೆಚ್ಚುಕಮ್ಮಿ ಒಂದೇ, ಎಲ್ಲರ ದೂರೂ ಒಂದೇ. ಇತ್ತ ನಮ್ಮ ತಾಲ್ಲೂಕಿನ ರಂಗಮಂದಿರಕ್ಕೆ ನಾನು ಹೋದಾಗಲೆಲ್ಲ ಬೀಗ. ಇಂಥ ಜಾಗಗಳು ತೆರೆದಿರಬೇಕು, ಅಲ್ಲಿಗೆ ಹೋಗೋಕೆ ಸಂಜೆ ಬಿಡುವಿರಬೇಕು ಅಂತ ಕೇಳೋದು ರಾಜಕೀಯ ಬೇಡಿಕೆ. ಅದನ್ನ ಕೇಳೋದು ಬಿಟ್ಟು ನಾವು ಬುಕಿಂಗ್ ಮಾಡ್ತಿದ್ದೇವೆ.

ಇನ್ನು ‘ಕೈಗೆಟುಕುವ’ ಅನ್ನೋ ಮಾತು. ಯಾರ ಕೈಗೆ?

ನಮಗೆ ಕಲಿಸಿದ ಹುಡುಗನಿಗೆ ಇಪ್ಪತ್ತಾರು ವರ್ಷ. ಕುಂಬಾರರ ಮನೆಯವನು. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿದ್ದೇನೆ ಅಂದ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯಲ್ಲಿ ಕುಂಬಾರಿಕೆಯೂ ಸೇರಿ 18 ಕಸುಬುಗಳಿವೆ. ತರಬೇತಿಗೆ ಬಂದವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆ ಕೊಳ್ಳೋಕೆ 15,000 ರೂಪಾಯಿವರೆಗೆ ನೆರವು. ಅಂದರೆ ಒಬ್ಬ ಕುಂಬಾರ ಬದುಕು ಕಟ್ಟಿಕೊಳ್ಳಲಿ ಅಂತ ಸರ್ಕಾರ ಸಲಕರಣೆಗೆ ಕೊಡೋ ದುಡ್ಡೂ, ನಾನು ಎರಡು ದಿನ ಕುಂಬಾರನಾಗೋಕೆ ಕೊಟ್ಟ ದುಡ್ಡೂ ಬಹುತೇಕ ಒಂದೇ. ನನ್ನ ಹಣದಲ್ಲಿ ಅವನಿಗೆ ಎಷ್ಟು ಸಿಕ್ಕಿತು ಅಂತ ಕೇಳಿದೆ. ತಿಂಗಳ ಸಂಬಳ ಅಣ್ಣಾ, ಜನ ಎಷ್ಟೇ ಬಂದ್ರೂ ಅದೇ, ಅಂದ.

ಅವನ ಅಪ್ಪ ಆವಿಗೆ ಹಚ್ಚೋದು ನಿಲ್ಲಿಸಿ ಹತ್ತು ವರ್ಷ ಆಯ್ತಂತೆ. ಪ್ಲಾಸ್ಟಿಕ್ಕು, ಸ್ಟೀಲು ಬಂದವು. ಕೆರೆ ಮಣ್ಣು ತರೋದೂ ಕಷ್ಟವಾಯ್ತು. ಬೆಂಗಳೂರಿನಲ್ಲೇ ಪಾಟರಿ ಟೌನ್ ಅಂತ ಇದೆ, ಅಲ್ಲಿನ ಕುಟುಂಬಗಳು ಇವತ್ತಿಗೂ ಮಣ್ಣಿನ ಕೆಲಸ ಮಾಡ್ತವೆ. ನಮ್ಮ ಒಂಬತ್ತು ಜನರಲ್ಲಿ ಒಬ್ಬರೂ ಅಲ್ಲಿಗೆ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ. ಐದು ಗಂಟೆ ದಾರಿ ಸವೆಸಿ ಸಕಲೇಶಪುರಕ್ಕೆ ಬಂದಿದ್ದೆವು.

ಕೊನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಬ್ಯಾಗ್ ಎತ್ತಿಕೊಳ್ತಿದ್ದಾಗ ಆ ಹುಡುಗ ಪಕ್ಕಕ್ಕೆ ಕರೆದ. ತಮ್ಮ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮುಗಿಸಿ ಒಂದು ವರ್ಷದಿಂದ ಮನೆಯಲ್ಲೇ ಇದ್ದಾನಂತೆ.

“ನಿಮ್ಮ ಜೊತೆ ಬಂದೋರ ಆಫೀಸಲ್ಲಿ ಏನಾದ್ರೂ ಇದ್ರೆ ಹೇಳಿ ಅಣ್ಣಾ. ಎಷ್ಟು ಗಂಟೆ ಕೆಲಸ ಆದ್ರೂ ಪರವಾಗಿಲ್ಲ.”

ಅವನ ನಂಬರ್ ತಗೊಂಡು ಐಟಿಯ ಆರೂ ಜನಕ್ಕೆ ಕಳಿಸಿದ್ದೇನೆ. ಇಬ್ಬರು ರೆಸ್ಯೂಮ್ ಕೇಳಿದ್ದಾರೆ. ಒಬ್ಬಳು, ನಮ್ಮಲ್ಲೇ ಜನರನ್ನ ತೆಗೀತಿದ್ದಾರೆ ಅಂತ ಬರೆದಳು.